ಪಾತ್ರೆ ಹಿಡಿಯುವವನು

ಅನ್ನ ಮಾಡುವುದಕ್ಕೆ ಒಬ್ಬ ಸಾಕು, ಮುದ್ದೆ ಮಾಡುವುದಕ್ಕೆ ಇಬ್ಬರು ಬೇಕು. ಇದರ ಮೇಲೆ ನನ್ನ ಜೊತೆ ವಾದಕ್ಕೆ ಬರುವವರು ಮೊದಲು ಹೈವೇ ಪಕ್ಕದಲ್ಲಿ, ಗಾಳಿಗೆ ಎದುರಾಗಿ ಕುಕ್ಕರುಗಾಲಲ್ಲಿ ಕೂತು, ಒಬ್ಬರೇ ಹಿಟ್ಟು ತಿರುವಿ ನೋಡಲಿ. ಕೋಲು ಎತ್ತ ತಿರುಗಿದರೆ ಪಾತ್ರೆಯೂ ಅತ್ತಲೇ ತಿರುಗುತ್ತದೆ. ಮನೆಯಲ್ಲಾದರೆ ಒಲೆಯ ಗುಂಡು ಇದೆ, ಗೋಡೆ ಇದೆ, ಹಿಡಿದುಕೊಳ್ಳಲು ಯಾರಾದರೂ ಇರುತ್ತಾರೆ. ಲಾರಿಯವನಿಗೆ ಇರುವುದು ಜೊತೆಯ ಡ್ರೈವರ್ ಒಬ್ಬನೇ.

ನನ್ನ ಜೊತೆಯ ಡ್ರೈವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಸೇಲಂ ಜಿಲ್ಲೆಯ ಎಡಪ್ಪಾಡಿಯ ನೇಕಾರರ ಮನೆಯವನು, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಬೆಳೆದವನು, ಯೌವನದಲ್ಲಿ ಅದನ್ನು ಬಿಟ್ಟು ಸ್ಟೀರಿಂಗ್ ಹಿಡಿದವನು. ನಾನು ಮೆಟ್ಟೂರಿನ ಆಚೆಯ ಹಳ್ಳಿಯ ಒಕ್ಕಲು ಮನೆಯವನು. ಇಬ್ಬರ ಮನೆಯಲ್ಲೂ ಕನ್ನಡವೇ, ಆದರೆ ಅವನ ಕನ್ನಡ ಕೇಳಿ ನಾನು ನಗುತ್ತಿದ್ದೆ, ನನ್ನದು ಕೇಳಿ ಅವನು. ಇಬ್ಬರೂ ಓದಿದ್ದು ತಮಿಳು. ನಾನು ಕನ್ನಡದ ಅಕ್ಷರ ಕಲಿತಿದ್ದು ಅತ್ತಿಬೆಲೆ ದಾಟಿದ ಮೇಲೆ ಸಿಗುವ ಅಂಗಡಿ ಬೋರ್ಡುಗಳಿಂದ. ಆದ್ದರಿಂದ ನಾನು ಬರೆಯುವುದರಲ್ಲಿ ಸ್ವಲ್ಪ ಸಿಮೆಂಟು, ಟೈರು, ಮಿಲಿಟರಿ ಹೋಟೆಲಿನ ವಾಸನೆ ಹೊಡೆದರೆ ಓದುವವರು ಸಹಿಸಿಕೊಳ್ಳಬೇಕು.

ಸೇಲಂನಲ್ಲಿ ಸಬ್ಬಕ್ಕಿ ಮೂಟೆ ತುಂಬಿಕೊಂಡು ನಾಗಪುರ, ಇಂದೋರ್ ಕಡೆಗೆ ಹೋಗುವುದು ನಮ್ಮ ಕೆಲಸ. ಸಿಕ್ಕಿದ ಲೋಡು ಹೇರಿಕೊಂಡು ವಾಪಸ್. ಢಾಬಾ ಊಟ ನನಗೆ ಆಗುವುದಿಲ್ಲ. ಒಂದೇ ಕೆಂಪು ಎಣ್ಣೆಯಲ್ಲಿ ಎಲ್ಲ ತರಕಾರಿಯನ್ನೂ ಮುಳುಗಿಸಿ ಅದಕ್ಕೆ ಬೇರೆ ಬೇರೆ ಹೆಸರಿಟ್ಟರೆ ರುಚಿ ಬೇರೆಯಾಗುತ್ತದೆಯೇ? ನಮ್ಮ ಲಾರಿಯ ಎಡಪಕ್ಕದಲ್ಲಿ, ಡೀಸೆಲ್ ಟ್ಯಾಂಕಿನ ಹಿಂದೆ, ಒಂದು ಮರದ ಪೆಟ್ಟಿಗೆ ಇತ್ತು. ಬಾಗಿಲು ಕೆಳಗಿಳಿಸಿದರೆ ಅದೇ ಮೇಜು. ಒಳಗೆ ಚಿಕ್ಕ ಗ್ಯಾಸ್ ಸಿಲಿಂಡರು, ಎರಡು ಬರ್ನರಿನ ಒಲೆ, ಎರಡು ಕಿವಿಯ ಅಲ್ಯೂಮಿನಿಯಂ ಪಾತ್ರೆ, ಹುರುಳಿಕಾಳು, ಹುಣಸೆ, ಮನೆಯಲ್ಲಿ ಕುಟ್ಟಿದ ಖಾರದ ಪುಡಿ, ನನ್ನ ರಾಗಿ ಹಿಟ್ಟಿನ ಡಬ್ಬಿ, ಅವನ ಅಕ್ಕಿ ಡಬ್ಬಿ. ಗಾಳಿಗೆ ಟಾರ್ಪಾಲಿನ ಒಂದು ತುದಿ ಕಟ್ಟಿ ಇಳಿಬಿಟ್ಟರೆ ಅಡುಗೆಮನೆ ಆಯಿತು. ಹೋಗುವಾಗ ಧರ್ಮಪುರಿ ದಾಟುವ ಮೊದಲು ಟೊಮೇಟೊ ಕೊಳ್ಳುತ್ತಿದ್ದೆವು. ಮೆಟ್ಟೂರು ಡ್ಯಾಮಿನ ಮೀನು ಸಿಕ್ಕಿದ ದಿನ ಅಣ್ಣ ಬೇರೆ ಯಾರನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅಂಥ ಮೀನು ಸಾರನ್ನು ನಾನು ಯಾವ ಮದುವೆ ಮನೆಯಲ್ಲೂ ಉಂಡಿಲ್ಲ.

ಗಾಡಿ ಓಡಿಸಿದವನು ಅಡುಗೆ ಮಾಡಬಾರದು, ಇದು ನಿಯಮ. ಆದರೆ ಮುದ್ದೆಯ ದಿನ ಇಬ್ಬರೂ ಏಳಬೇಕು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಕಿವಿಗಳಲ್ಲಿ ಎರಡು ಟೈರ್ ಲಿವರ್, ಅಂದರೆ ಟೈರು ಬಿಚ್ಚುವ ಕಬ್ಬಿಣದ ಸಲಾಕೆ, ತೂರಿಸುತ್ತಿದ್ದೆ. ಅಣ್ಣ ಫುಟ್‌ಬೋರ್ಡಿನ ಮೇಲೆ ಕೂತು ಎರಡೂ ಪಾದಗಳಿಂದ ಲಿವರುಗಳನ್ನು ಅದುಮಿ ಹಿಡಿಯಬೇಕು, ನಾನು ಕೋಲಿನಿಂದ ತಿರುವಬೇಕು. ಮೊದಲ ಸಲ ಹಾಗೆ ಕೂತಾಗ ಅವನ ಕಾಲಿಗೆ ಹಳೆಯ ಮಗ್ಗ ನೆನಪಾಯಿತೋ ಏನೋ, ಎಡ ಬಲ, ಎಡ ಬಲ ಎಂದು ತುಳಿಯತೊಡಗಿದ. ಪಾತ್ರೆ ಕುಣಿಯಿತು.

"ಅಣ್ಣಾ, ಇದು ಸೀರೆ ಅಲ್ಲ, ಇಟ್ಟು! ಅದುಮಿ ಇಡ್ಕ!"

"ಇದುನ್ನ ಯಾರ್‌ಲಾ ತಿಂತಾರೆ? ಸೋರು ಆಕಿದ್ರೆ ಇಷ್ಟೊತ್ತಿಗೆ ಉಂಡು ಕೈ ತೊಳ್ಕಂಡಿರ್‌ತಿದ್ವು" ಎಂದು ಅವನು ತಿರುಗಿ ಬೈದ. ಅವನ ಬಾಯಲ್ಲಿ ಅನ್ನ ಯಾವಾಗಲೂ ತಮಿಳಿನ ಸೋರು. ನನಗೆ ಪಾತ್ರೆ ಹಿಡಿದುಕೊಡುತ್ತಿದ್ದ, ತಾನು ಮಾತ್ರ ಮುದ್ದೆ ಮುಟ್ಟುತ್ತಿರಲಿಲ್ಲ. ಪಕ್ಕದ ಬರ್ನರಿನಲ್ಲಿ ಅವನ ಅನ್ನ ಪ್ರತ್ಯೇಕ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ನಾನು ರಾಗಿಯ ಗುಣಗಾನ ಮಾಡುತ್ತಿದ್ದೆ.

ನಮಗೆ ಇನ್ನೊಂದು ಪದ್ಧತಿ ಇತ್ತು. ವಾಪಸ್ ಬರುವಾಗ ತೊಪ್ಪೂರು ಘಾಟು ಇಳಿದ ಮೇಲೆ, ಓಮಲೂರು ಇನ್ನೇನು ಸಿಕ್ಕಿತು ಎನ್ನುವಾಗ, ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿ ಡಬ್ಬಿಗಳಲ್ಲಿ ಉಳಿದದ್ದನ್ನೆಲ್ಲ ಅಡುಗೆ ಮಾಡಿ ಉಂಡು ಖಾಲಿ ಮಾಡುವುದು. ಡಬ್ಬಿಯಲ್ಲಿ ಹಿಟ್ಟು ಉಳಿಸಿಕೊಂಡು ಮನೆಗೆ ಹೋದರೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ, ಮಾರನೆಯ ದಿನವೇ ಲೋಡು ಬರುತ್ತದೆ ಎಂದು ಅಣ್ಣನ ನಂಬಿಕೆ. ಮನೆ ಇಷ್ಟು ಹತ್ತಿರ ಇರುವಾಗ ದಾರಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬರುವುದು ನಮ್ಮಿಬ್ಬರ ಹೆಂಡತಿಯರಿಗೂ ಹಿಡಿಸುತ್ತಿರಲಿಲ್ಲ. ಉಂಡು ಬರುವ ಗಂಡನಿಗೆ ನಾನ್ಯಾಕೆ ಕೋಳಿ ಕೊಯ್ಯಲಿ ಎಂದು ನನ್ನವಳು ಕೇಳುತ್ತಿದ್ದಳು. ಕೊಯ್ದಿರುತ್ತಿದ್ದಳು, ಅದು ಬೇರೆ ಮಾತು. ನಾನು ಅದನ್ನೂ ತಿನ್ನುತ್ತಿದ್ದೆ.

ಆ ಹುಣಸೆ ಮರದ ಜಾಗ ಸ್ವಲ್ಪ ಇಳಿಜಾರು. ಗಾಡಿ ಹಳೆಯದು, ಹ್ಯಾಂಡ್‌ಬ್ರೇಕ್ ಅರ್ಧ ಹಿಡಿದರೆ ಅರ್ಧ ಬಿಡುತ್ತಿತ್ತು. ಹಾಗಾಗಿ ಗಾಡಿ ಉರುಳದಂತೆ ಹಿಂದಿನ ಚಕ್ರಕ್ಕೆ ಕಟ್ಟೆ, ಅಂದರೆ ಅಡ್ಡ ಇಡುವ ಮರದ ತುಂಡು, ಕೊಡುವುದು ನಮ್ಮ ಮೊದಲ ಕೆಲಸ. ಒಂದು ಮಧ್ಯಾಹ್ನ ಕಟ್ಟೆ ಕೊಟ್ಟು, ಎಸರಿಟ್ಟು, ನಾನು ತಿರುವುವುದಕ್ಕೆ ಕೂತೆ. ಪಾತ್ರೆ ಒಂದು ಕಡೆಗೆ ವಾಲುತ್ತಿತ್ತು. "ಇರ್‌ಲಾ, ಒಂದು ಮರದ ತುಂಡು ಕೊಡ್ತೀನಿ" ಎಂದು ಅಣ್ಣ ಎದ್ದುಹೋಗಿ ಒಂದು ತುಂಡು ತಂದು ಪಾತ್ರೆಯ ಕೆಳಗೆ ಒತ್ತಿದ. ಪಾತ್ರೆ ಕಲ್ಲಿನಂತೆ ನಿಂತಿತು. ಕೆಲಸ ಅಂದರೆ ಹೀಗಿರಬೇಕು ಎಂದು ನಾನು ಮೆಚ್ಚಿಕೊಳ್ಳುತ್ತಿರುವಾಗಲೇ ಲಾರಿ ಮೆಲ್ಲಗೆ ನಡೆಯತೊಡಗಿತು.

ನಾನು ಹಾರಿ ಹತ್ತಿ ಬ್ರೇಕ್ ಒತ್ತಿದೆ. ಯಾರಿಗೂ ಏನೂ ಆಗಲಿಲ್ಲ, ಪೆಟ್ಟಿಗೆಯ ಬಾಗಿಲು ಮಾತ್ರ ಮರಕ್ಕೆ ತಾಗಿ ಮುರಿಯಿತು. ಇಳಿದು ಬಂದು ನೋಡಿದರೆ ಅಣ್ಣ ಕುದಿಯುವ ಪಾತ್ರೆಯನ್ನು ಟವಲಿನಲ್ಲಿ ಎತ್ತಿ ಎದೆಗೆ ಅವುಚಿಕೊಂಡು ದೂರದ ಹೊಲದ ಬದುವಿನ ಮೇಲೆ ನಿಂತಿದ್ದಾನೆ.

"ಗಾಡಿ ಓಗ್ತಾ ಐತೆ, ನೀನು ಪಾತ್ರೆ ಎತ್ಕಂಡು ಓಡ್ತೀಯಲ್ಲಣ್ಣಾ!"

"ವಂಡಿ ಓದ್ರೆ ಓನರ್ ಇನ್ನೊಂದು ತರ್‌ತಾನೆ. ಇಟ್ಟು ಓದ್ರೆ ನಿಂಗ್ಯಾರ್‌ಲಾ ತರ್‌ತಾರೆ?"

ನಗು ತಡೆಯಲಾಗದೆ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗಾಡಿಯ ಕಟ್ಟೆ ಕಿತ್ತು ಮುದ್ದೆಗೆ ಕೊಟ್ಟವನು ಈ ಸೇಲಂ ಜಿಲ್ಲೆಯಲ್ಲಿ ನೀನೊಬ್ಬನೇ ಎಂದೆ. ಅವನೂ ನಕ್ಕ. ಆದರೆ ನಾನು ಉಣ್ಣುತ್ತಿರುವಾಗ ತಲೆ ತಗ್ಗಿಸಿಕೊಂಡು ಹೇಳಿದ: "ಅದು ಕಟ್ಟೆ ಅಂತ ನಂಗೆ ಕಾಣ್ಲಿಲ್ಲ ಲಾ. ಬರೀ ಕರ್‍ರಗೆ ಕಾಣ್ತು. ಚಕ್ರ ಎಲ್ಲೈತೆ, ಮರ ಎಲ್ಲೈತೆ, ಗೊತ್ತಾಗ್ಲಿಲ್ಲ."

ಅವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ದಿನವಾಗಿತ್ತಂತೆ. ನನಗೆ ಹೇಳಿರಲಿಲ್ಲ. ಕಣ್ಣಿನ ನರಕ್ಕೆ ಪೆಟ್ಟು ಬಿದ್ದಿದೆ, ಸಕ್ಕರೆ ಇಳಿಸಿಕೊಂಡು ಬಾ, ಆಮೇಲೆ ನೋಡೋಣ ಎಂದು ಸೇಲಂನಲ್ಲಿ ಡಾಕ್ಟರು ಹೇಳಿದ್ದರು. ಅವನ ಹೆವಿ ಲೈಸೆನ್ಸ್ ಆ ವರ್ಷ ಹೊಸದು ಮಾಡಿಸಬೇಕಿತ್ತು. ಕಣ್ಣಿನ ಪರೀಕ್ಷೆ ಪಾಸಾಗದಿದ್ದರೆ ಲಾರಿ ಇಲ್ಲ. ಅವನ ಕೆಲಸ ಹೋಗುವುದು ಒಂದು ದುಃಖ. ಆ ಸೀಟಿನಲ್ಲಿ ಬೇರೆ ಯಾರೋ ಕೂರುವುದು ನನಗೆ ಅದಕ್ಕಿಂತ ದೊಡ್ಡ ದುಃಖವಾಗಿ ಕಂಡಿತು. ಸ್ವಾರ್ಥ ಎನ್ನಿ, ನಾನು ಬೇಡ ಅನ್ನುವುದಿಲ್ಲ.

ಅವತ್ತಿನಿಂದ ಅಕ್ಕಿ ಡಬ್ಬಿಯನ್ನು ನಾನು ಅವನ ಮನೆಯಲ್ಲೇ ಇಳಿಸಿಬಿಟ್ಟೆ. ಕತ್ತಲಾದ ಮೇಲೆ ಅವನಿಗೆ ಸ್ಟೀರಿಂಗ್ ಇಲ್ಲ, ಇಬ್ಬರಿಗೂ ಎರಡು ಹೊತ್ತು ಮುದ್ದೆ. ಪಾಪ, ಅವನಿಗೆ ನುಂಗಲು ಬರುತ್ತಿರಲಿಲ್ಲ. ಒಂದು ತುತ್ತನ್ನು ವೀಳ್ಯದಂತೆ ಅಗಿದು ಅಗಿದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ.

"ಅಗೀಬ್ಯಾಡಣ್ಣಾ. ಸಾರಲ್ಲಿ ಅದ್ದು, ನುಂಗು."

"ನುಂಗಕ್ಕೆ ನಾನೇನು ಮೊಸಳೇನಾ?"

"ಇಟ್ಟು ತಿಂದೋನು ಬೆಟ್ಟ ಕೀಳ್ತಾನೆ, ಗೊತ್ತಾ?"

"ಬೆಟ್ಟ ಯಾರಿಗ್‌ ಬೇಕ್‌ಲಾ. ನಂಗೆ ಮೈಲಿಗಲ್ಲು ಕಂಡ್ರೆ ಸಾಕು."

ಆ ಮಾತು ಕೇಳಿ ನಾನು ಇನ್ನೂ ಜೋರಾಗಿ ತಿರುವುತ್ತಿದ್ದೆ. ನನ್ನ ತೋಳಿನ ಬಲದಿಂದಲೇ ಅವನ ಕಣ್ಣು ಬರುತ್ತದೆ ಎನ್ನುವ ಹಾಗೆ. ಹುರುಳಿ ಸಾರು, ಸೊಪ್ಪಿನ ಸಾರು, ಮೊಳಕೆ ಕಾಳು, ಬದನೆಕಾಯಿ ಸುಟ್ಟು ಗೊಜ್ಜು, ದಿನಕ್ಕೊಂದು ಮಾಡಿದೆ. ನಾಗಪುರದ ಬಿಸಿಲಲ್ಲಿ, ಕರ್ನೂಲಿನ ಧೂಳಲ್ಲಿ, ಅವನು ಪಾದಗಳಿಂದ ಲಿವರ್ ಅದುಮಿಕೊಂಡು ಕೂತಿರುತ್ತಿದ್ದ. ಬರಬರುತ್ತಾ ನುಂಗಲು ಕಲಿತ. ಸೊಂಟ ಸಣ್ಣಗಾಯಿತು. ಸೇಲಂಗೆ ಹೋಗಿ ತೋರಿಸಿಕೊಂಡು ಬಂದು "ಸುಗರ್ ಇಳಿದೈತಂತೆ" ಎಂದ. ನಾನು ಡಾಕ್ಟರಿಗಿಂತ ದೊಡ್ಡವನಾದೆ ಎಂಬಂತೆ ಅವನ ಬೆನ್ನಿಗೆ ಗುದ್ದಿದೆ.

ಅದಾದ ಮೇಲಿನ ಟ್ರಿಪ್ಪಿನಲ್ಲಿ ಅವನು ತೋಳು ನೋವು ಎಂದು ಸ್ಟೀರಿಂಗ್ ಮುಟ್ಟಲಿಲ್ಲ. ಹೋಗುತ್ತಾ ಬರುತ್ತಾ ನಾನೇ ಓಡಿಸಿದೆ. ನಿಯಮ ಮುರಿದು ಮುದ್ದೆಯನ್ನೂ ನಾನೇ ತಿರುವಿದೆ. ತೋಳು ನೋವಿದ್ದವನಿಗೆ ಪಾದ ಸರಿ ಇದೆಯಲ್ಲ, ಹಿಡಿಯಲಿ. ವಾಪಸ್ ಬಂದು ಹುಣಸೆ ಮರದ ಕೆಳಗೆ ನಿಲ್ಲಿಸಿ, ಕಟ್ಟೆ ಕೊಟ್ಟು, ಡಬ್ಬಿ ಬಗ್ಗಿಸಿ ಕೊನೆಯ ಹಿಟ್ಟು ಎಸರಿಗೆ ಹಾಕಿದೆ. ಪಾತ್ರೆ ಇಳಿಸಿ ಲಿವರುಗಳಿಗೆ ಕೈ ಚಾಚಿದಾಗ ಅಣ್ಣ "ಅದು ಬ್ಯಾಡ" ಎಂದು ತನ್ನ ಬ್ಯಾಗಿನಿಂದ ಏನೋ ಹೊರಗೆ ತೆಗೆದ.

ಒಂದು ಹಲಗೆ. ಅದರ ತುದಿಗೆ ಬೋಲ್ಟು ಹಾಕಿ ಕೂರಿಸಿದ ಮರದ ಕವೆ. ಕವೆಯನ್ನು ಪಾತ್ರೆಯ ಕುತ್ತಿಗೆಗೆ ಕೊಟ್ಟು ಹಲಗೆಯ ಮೇಲೆ ಒಂದು ಕಾಲಿಟ್ಟು ನಿಂತರೆ ಪಾತ್ರೆ ಅಲ್ಲಾಡುವಂತಿಲ್ಲ. ಹಲಗೆ ಅವನ ತಾಯಿ ತುಳಿಯುತ್ತಿದ್ದ ಮಗ್ಗದ ಪೆಡಲು. ಹೆಬ್ಬೆರಳು ಕೂರುವ ಕಡೆ ಸವೆದು ಗುಳಿ ಬಿದ್ದಿತ್ತು.

"ಇದಿದ್ರೆ ಒಬ್ನೇ ಮಾಡ್ಕಬೌದು" ಎಂದ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬಂತು. "ನಾನ್ಯಾಕೆ ಒಬ್ನೇ ಮಾಡ್ಕಬೇಕು? ಪರೀಕ್ಷೆ ಮುಂದಿನ ವಾರ ಐತೆ. ಸುಗರ್ ಇಳಿದೈತೆ ಅಂದ್ಯಲ್ಲ!"

"ಸುಗರ್ ಇಳಿದೈತೆ. ಕಣ್ಣು ವಾಪಸ್ ಬರಲ್ಲ ಅಂದ್ಬುಟ್ರು ಲಾ. ಆವತ್ತೇ ಏಳಿದ್ರು. ಇರೋ ಬೆಳಕು ಉಳುದ್ರೆ ಪುಣ್ಯವಂತೆ. ಪರೀಕ್ಷೆಗೆ ನಾನು ಓಗಲ್ಲ."

"ಮತ್ತೆ ಈ ಟ್ರಿಪ್ಪಿಗೆ ಯಾಕ್ ಬಂದೆ?"

"ಪಾತ್ರೆ ಇಡಿಯಾಕೆ."

ತೋಳು ನೋವು ಏನೆಂದು ಆಗ ತಿಳಿಯಿತು. ಎಲ್ಲ ಗೊತ್ತಿದ್ದೂ ನಾಗಪುರದವರೆಗೆ ಬಂದು, ಇಷ್ಟವಿಲ್ಲದ ಮುದ್ದೆಯನ್ನು ಹೊತ್ತುಹೊತ್ತಿಗೆ ನುಂಗಿಕೊಂಡು, ಏನೂ ಹೇಳದೆ ಕೂತಿದ್ದ. ಕಣ್ಣು ಬರಲ್ಲ ಅಂತ ಗೊತ್ತಾದ ಮೇಲೆ ಅನ್ನ ಕೇಳಬಹುದಿತ್ತಲ್ಲ ಎಂದೆ. ಅವನು ನೆಲ ನೋಡಿಕೊಂಡು ಹೇಳಿದ: "ನೀನು ಅಂಗೆ ತಿರುವ್ತಾ ಇದ್ಯಲ್ಲ ಲಾ. ಎಂಗ್ ಬ್ಯಾಡ ಅನ್ನದು?"

ಆವತ್ತು ಆ ಹಲಗೆಯನ್ನು ನಾನು ಮುಟ್ಟಲಿಲ್ಲ. ಲಿವರುಗಳನ್ನೇ ತೂರಿಸಿ, ಅಣ್ಣನ ಎರಡು ಪಾದಗಳ ಕೆಳಗೆ ತಳ್ಳಿದೆ. ತಿರುವುವಾಗ ನನ್ನ ಕಣ್ಣೀರು ಪಾತ್ರೆಗೆ ಬಿದ್ದಿದ್ದರೆ ಬಿದ್ದಿರಬಹುದು. ಉಪ್ಪು ಜಾಸ್ತಿಯಾಗಿದೆ ಎಂದು ಅವನು ಗೊಣಗಿದ. ಡಬ್ಬಿ ಖಾಲಿ ಮಾಡಿ ಹೊರಟೆವು.

ಈಗ ನನ್ನ ಜೊತೆಗಿರುವ ಡ್ರೈವರ್ ಒಳ್ಳೆಯವನು. ಆದರೆ ಯಾವಾಗಲೂ ಫೋನಿನಲ್ಲಿ ಪಾರ್ಸೆಲ್ ಹುಡುಕುತ್ತಿರುತ್ತಾನೆ, ಮುದ್ದೆ ಎಂದರೆ ಮೂಗು ಮುರಿಯುತ್ತಾನೆ. ನಾನು ಮಗ್ಗದ ಪೆಡಲಿನ ಮೇಲೆ ಒಂಟಿಕಾಲಲ್ಲಿ ನಿಂತು ತಿರುವಿಕೊಳ್ಳುತ್ತೇನೆ. ಯಾರದೋ ತಾಯಿಯ ಹೆಬ್ಬೆರಳಿನ ಗುಳಿಯಲ್ಲಿ ನನ್ನ ಹೆಬ್ಬೆರಳು ಸರಿಯಾಗಿ ಕೂರುತ್ತದೆ. ಮುದ್ದೆ ಚೆನ್ನಾಗಿಯೇ ಬರುತ್ತದೆ. ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಹುಣಸೆ ಮರದ ಕೆಳಗೆ ಮಾತ್ರ ಈಗ ನಿಲ್ಲಿಸುವುದಿಲ್ಲ. ಡಬ್ಬಿಯಲ್ಲಿ ಬೇಕೆಂದೇ ಹಿಟ್ಟು ಉಳಿಸಿಕೊಳ್ಳುತ್ತೇನೆ. ಲೋಡು ಇಳಿಸಿದ ಮೇಲೆ ಜೊತೆಯವನನ್ನು ಓಮಲೂರಿನಲ್ಲಿ ಬಸ್ಸು ಹತ್ತಿಸಿ ಗಾಡಿಯನ್ನು ಎಡಪ್ಪಾಡಿಗೆ ತಿರುಗಿಸುತ್ತೇನೆ. ಅಣ್ಣನ ಬೀದಿಯೊಳಗೆ ಲಾರಿ ಹಿಡಿಯುವುದಿಲ್ಲ, ಮೂಲೆಯಲ್ಲಿ ನಿಲ್ಲಿಸಿ ಡಬ್ಬಿ, ಪಾತ್ರೆ, ಲಿವರು ಹಿಡಿದುಕೊಂಡು ಹೋಗಬೇಕು. ಒಳಗೆ ಅವನ ಹೆಂಡತಿಯ ಮಗ್ಗದ ಸದ್ದು. ಹೊರಗೆ ಜಗಲಿಯ ಮೇಲೆ ಅವನು ರಾಟೆಯಲ್ಲಿ ನೂಲು ಸುತ್ತುತ್ತಾ ಕೂತಿರುತ್ತಾನೆ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ನನ್ನ ಮುಖ ಅವನಿಗೆ ಈಗ ಮಸುಕು, ಆದರೆ ಲಿವರು ಒಂದಕ್ಕೊಂದು ತಾಗುವ ಸದ್ದಿಗೇ ರಾಟೆ ಬಿಟ್ಟು ಎದ್ದುಬಿಡುತ್ತಾನೆ.

ಅಂಗಳದಲ್ಲಿ ಎಸರಿಟ್ಟು, ಹಿಟ್ಟು ಬೇಯಿಸಿ, ಪಾತ್ರೆ ಇಳಿಸಿ ಲಿವರು ತೂರಿಸುತ್ತೇನೆ. ಅವನು ಜಗಲಿಯ ಅಂಚಿನಲ್ಲಿ ಕೂತು ಪಾದದಿಂದ ತಡವಿ ತಡವಿ ಅವುಗಳನ್ನು ಹುಡುಕಿಕೊಳ್ಳುತ್ತಾನೆ. ಅದುಮುವ ಮೊದಲು ಪ್ರತಿ ಸಲವೂ ಒಂದೇ ಮಾತು ಕೇಳುತ್ತಾನೆ:

"ವಂಡಿಗೆ ಕಟ್ಟೆ ಕೊಟ್ಟಿದ್ಯಾ ಲಾ?"

"ಕೊಟ್ಟಿವ್ನಿ ಕಣಣ್ಣಾ. ನೀನು ಇಡ್ಕ."