ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿ ಕೇಳುತ್ತಿದ್ದವರು

ಅವರ ಬಲಗಿವಿಯ ಅಂಚಿಗೆ ಯಾವಾಗಲೂ ಬೂದು ಬಣ್ಣದ ಧೂಳು ಅಂಟಿರುತ್ತಿತ್ತು. ಎಡಗಿವಿ ಸ್ವಚ್ಛವಾಗಿರುತ್ತಿತ್ತು. ಅದು ಕೇಳುತ್ತಿರಲಿಲ್ಲವಾದ್ದರಿಂದ ಅದಕ್ಕೆ ಕೆಲಸವೇ ಇರಲಿಲ್ಲ. ಖಾಸಬಾಗದ ಪವರ್‌ಲೂಮ್ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷ ಮಗ್ಗ ರಿಪೇರಿ ಮಾಡಿ ಆ ಕಿವಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದರು. ಉಳಿದ ಕಿವಿಯನ್ನು ಕಂಪ್ಯೂಟರಿನ ಕ್ಯಾಬಿನೆಟ್ಟಿನ ಮೇಲೆ ಒತ್ತಿ, ಕಣ್ಣು ಮುಚ್ಚಿ, ಒಳಗೆ ಏನು ನಡೆದಿದೆ ಎಂದು ಕೇಳುತ್ತಿದ್ದರು. ಮಗ್ಗದ ರೋಗ ಸದ್ದಿನಲ್ಲಿ ಗೊತ್ತಾಗುತ್ತದೆ, ಇದರದ್ದೂ ಹಾಗೆಯೇ ಅನ್ನುವುದು ಅವರ ನಂಬಿಕೆ.

ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಖಾನಾಪುರದಿಂದ ದಿನವೂ ಬಸ್ಸಿಗೆ ಬಂದು, ಅವರ ಮನೆಯ ಮುಂದಿನ ಖೋಲಿಯಲ್ಲಿದ್ದ ಅಂಗಡಿಯಲ್ಲಿ ಕಂಪ್ಯೂಟರ್ ಕಲಿತೆ. ಈಗ ಖಾನಾಪುರದಲ್ಲಿ ತಹಶೀಲ್ದಾರ ಕಚೇರಿಯ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಅರ್ಜಿ, ಅಫಿಡವಿಟ್ಟು ಟೈಪ್ ಮಾಡುತ್ತೇನೆ. ಈ ಹೊತ್ತು ನಾನು ಉಣ್ಣುವ ಅನ್ನ ಆ ಖೋಲಿಯಲ್ಲಿ ಕಲಿತದ್ದರಿಂದ ಬಂದದ್ದು.

ಕಾಕಾ ಮಷೀನನ್ನು ಕೂಡಲೇ ಬಿಚ್ಚುತ್ತಿರಲಿಲ್ಲ. ಮೊದಲು ತಂದವರನ್ನು ಕೂಡಿಸಿ ಕೇಳುತ್ತಿದ್ದರು. ನಿನ್ನೆ ಯಾರು ಕೂತಿದ್ದರು, ಮನೆಗೆ ಯಾರು ಬಂದಿದ್ದರು, ಟೇಬಲ್ಲು ಸರಿಸಿದಿರಾ, ಗೋಡೆಗೆ ಸುಣ್ಣ ಹಚ್ಚಿದಿರಾ. ಕೇಳಿ ಕೇಳಿ ಮಂದಿಗೆ ಬೇಸರ ಬರುತ್ತಿತ್ತು. ಒಮ್ಮೆ ಒಬ್ಬ ಸಾಲಿ ಮಾಸ್ತರರು ಸಿಟ್ಟಿಗೆದ್ದು, "ರೀ, ನಾ ಕಂಪ್ಯೂಟರ್ ತಂದೇನ್ರಿ, ಹುಡುಗಿ ಜಾತಕ ತಂದಿಲ್ಲ" ಅಂದರು.

ಕಾಕಾ ನಗಲಿಲ್ಲ. "ಹತ್ತ ಮಿನಿಟಿಗೆ ಬಂದ್ ಬೀಳತೈತಿ ಅಂದ್ರಿ. ಯಾವಾಗಿಂದ?"

"ದೀಪಾವಳಿಯಿಂದ."

"ದೀಪಾವಳ್ಯಾಗ ಏನ ಮಾಡಿದ್ರಿ?"

"ಏನ ಮಾಡ್ತಾರ್ರಿ? ಚಕ್ಕಲಿ, ಶಂಕರಪಾಳಿ ಮಾಡಿದ್ರು ಮನ್ಯಾಗ."

"ಹಿಟ್ಟು ಎಲ್ಲಿ ಜರಡಿ ಹಿಡದ್ರು?"

ಕ್ಯಾಬಿನೆಟ್ಟು ಬಿಚ್ಚಿದಾಗ ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಗಳ ಮೇಲೆ ಮೈದಾಹಿಟ್ಟು ಕೆನೆಗಟ್ಟಿ ಕೂತಿತ್ತು. ಗಾಳಿಯಿಲ್ಲದೆ ಕಾದು ಬಂದ್ ಬೀಳುತ್ತಿತ್ತು. ಅವರು ಹೋದ ಮೇಲೆ ಕಾಕಾ ನನಗೆ ಹೇಳಿದರು: "ಮಷೀನ್ ಮುಟ್ಟೂ ಮೊದಲ ಮಂದೀನ ಕೇಳು. ಅದು ತಾನ ಕೆಡೂದಿಲ್ಲ. ಅದರ ಸುತ್ತ ಇರೂ ಮಂದಿ ಏನರ ಮಾಡಿರತಾರ." ಈ ಮಾತನ್ನು ಅವರು ನೂರು ಸಲ ಹೇಳಿರಬಹುದು. ನೂರು ಸಲವೂ ನಾನು ತಲೆಯಾಡಿಸಿದ್ದೆ.

ಕಲಿಸುವಾಗ ಅವರು ತಮ್ಮೆರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದರು. ನಾನು ಎಷ್ಟು ತಪ್ಪಿದರೂ ಆ ಕೈ ಹೊರಗೆ ಬರುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು. ಒಂದು ಸೆಕೆಂಡಿನಲ್ಲಿ ತಾವೇ ಮಾಡಬಹುದಾದದ್ದನ್ನು ನನ್ನಿಂದ ಅರ್ಧ ತಾಸು ಮಾಡಿಸುತ್ತಿದ್ದರು. ಕಂಪ್ಯೂಟರು ಪೂರ್ತಿ ಏಳುವ ಮೊದಲು ತೆರೆಯಬಹುದಾದ ಒಂದು ನೀಲಿ ಪರದೆ ಇರುತ್ತದೆ. ಅದಕ್ಕೆ ಬಯಾಸ್ ಅನ್ನುತ್ತಾರೆ. ಮಷೀನಿನ ತಾರೀಖು, ಯಾವ ಡಿಸ್ಕಿನಿಂದ ಏಳಬೇಕು ಅನ್ನುವುದು, ಎಲ್ಲ ಅಲ್ಲಿರುತ್ತದೆ. ಕಾಕಾ ಅದನ್ನು ಒಳಖೋಲಿ ಅನ್ನುತ್ತಿದ್ದರು.

"ಒಂದ ಬೀಪ್ ಬರತೈತಿ. ಬಂದ ಕೂಡಲೆ ಡಿಲೀಟ್ ಒತ್ತು. ಒಂದ ಸಲ ಅಲ್ಲ, ಬಾಗಲಾ ಬಡದಂಗ ಒತ್ತು. ತಡಾ ಆತು ಅಂದ್ರ ಒಳಗಿಂದ ಚಿಲಕಾ ಹಾಕ್ಕೋತೈತಿ."

ನನಗೆ ಯಾವಾಗಲೂ ತಡವಾಗುತ್ತಿತ್ತು. ಮತ್ತೆ ಬಂದ್ ಮಾಡುವುದು, ಮತ್ತೆ ಚಾಲೂ ಮಾಡುವುದು. "ಮತ್ತ" ಅನ್ನುತ್ತಿದ್ದರು. ಬೇರೆ ಮಾತಿಲ್ಲ. ಅವರಿಗೆ ಖರೇನೇ ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು, ಅದೂ ಮಷೀನಿನ ಮೇಲೆ. "ಕಾಯ ಝಾಲಂ ತುಲಾ?" ಎಂದು ಕ್ಯಾಬಿನೆಟ್ಟಿಗೆ ಗದರಿಸುತ್ತಿದ್ದರು, ಏನಾಗಿದೆ ನಿನಗೆ ಎಂದು. ನನಗೆ ಮಾತ್ರ ಒಮ್ಮೆಯೂ ಗದರಿಸಲಿಲ್ಲ.

ಅವರದೇ ಒಂದು ಕಂಪ್ಯೂಟರು ಇತ್ತು. ಬಹಳ ಹಳೆಯದು. ಕ್ಯಾಬಿನೆಟ್ಟು ಡೊಗ್ಗಾಗಿದ್ದಾಗ ಆಟೋ ನಗರಕ್ಕೆ ಒಯ್ದು, ಗಾಡಿಗಳ ತಗ್ಗು ತೆಗೆಯುವವರ ಹತ್ತಿರ ಬಡಿಸಿಕೊಂಡು ಬಂದಿದ್ದರು. ಹೊಸದು ತಗೊಳ್ಳಿರಿ ಎಂದರೆ ಕೇಳುತ್ತಿರಲಿಲ್ಲ. ಸಂಜೆ ಅಂಗಡಿಯಲ್ಲಿ ಮಂದಿ ಕಡಿಮೆಯಾದಾಗ ಅದರಲ್ಲಿ ಎಕ್ಸೆಲ್ ಹಾಳೆ ತೆರೆದು, ಅದರ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬುತ್ತಿದ್ದರು. ಹಳೇ ಸೀರೆಗಳ ದಡಿಗಳು, ಅಂಚಿನ ಚಿತ್ತಾರಗಳು. ಓಣಿಯ ಮುದುಕಿಯರು ಹರಿದ ಸೀರೆ ತಂದು ಕೊಟ್ಟರೆ, ಎಳೆ ಎಣಿಸಿ, ಒಂದು ಎಳೆಗೆ ಒಂದು ಚೌಕ ಹಾಕಿ ಇಳಿಸಿಕೊಳ್ಳುತ್ತಿದ್ದರು. ಯಾರಿಗೆ ಬೇಕು ಇದು ಎಂದು ನಾನೇ ಕೇಳಿದ್ದೆ. "ಯಾರಿಗರ ಬೇಕಾಗತೈತಿ" ಅಂದಿದ್ದರು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಉಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನನಗೆ ಸುದ್ದಿ ತಿಳಿದು, ಬಸ್ಸು ಸಿಕ್ಕು, ನಾನು ಖಾಸಬಾಗ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳ ತೊಳೆದಿದ್ದರು.

ದೀಪಾವಳಿ ಆದ ಮೇಲೆ ಕಾಕಾ ಅವರ ಹೆಂಡತಿ, ಕಾಕೂ, ಫೋನು ಮಾಡಿದರು. ಅವರು ಎಂದೂ ನನಗೆ ಫೋನು ಮಾಡಿದವರಲ್ಲ.

"ಯವ್ವಾ, ಅವರ ಕಂಪ್ಯೂಟರ್ ಚಾಲೂ ಮಾಡಿ ಕೊಡತಿಯೇನ? ನನ್ನ ಲಗ್ನದ ಸೀರಿ ದಡಿ ಅದರಾಗ ಹಾಕೇನಿ ಅಂತಿದ್ರು. ಮುಗಿಸ್ಯಾರೋ ಇಲ್ಲೋ ಗೊತ್ತಿಲ್ಲ."

ಆ ಸೀರೆಯನ್ನು ಕಾಕಾ ಲಗ್ನಕ್ಕೆ ಮೊದಲು ತಮ್ಮ ಕೈಯಿಂದಲೇ ನೇಯ್ದಿದ್ದರಂತೆ. ಸೀರೆಗೆ ಗೆದ್ದಲು ಹತ್ತಿ, ಗೇಣುದ್ದದ ಚೂರು ಮಾತ್ರ ಉಳಿದಿತ್ತು. ಕಾಕಾ ಇಳಿಸಿಕೊಂಡದ್ದು ಅದರಿಂದಲೇ. ಆಮೇಲೆ ಆ ಚೂರೂ ಪುಡಿಯಾಯಿತು. ವಡಗಾವಿಯಲ್ಲಿ ಕಾಕಾ ಅವರ ಗೆಳೆಯರೊಬ್ಬರ ಮನೆಯಲ್ಲಿ ಇನ್ನೂ ಒಂದು ಕೈಮಗ್ಗ ಉಳಿದಿತ್ತು. ಸಂಕ್ರಾಂತಿಗೆ ಬಿಚ್ಚಿ ಇಡುವವರಿದ್ದರು. ಅಷ್ಟರೊಳಗೆ ದಡಿಯ ಚಿತ್ರ ಸಿಕ್ಕರೆ ಕೊನೆಯ ಸೀರೆ ಅದನ್ನೇ ನೇಯುತ್ತೇನೆ ಎಂದು ಆ ಗೆಳೆಯರು ಕಾಕೂಗೆ ಮಾತು ಕೊಟ್ಟಿದ್ದರು.

ನಾನು ಮೊದಲ ಸಲ ಹೋದಾಗ ಅರ್ಧ ತಾಸಿನ ಕೆಲಸ ಎಂದುಕೊಂಡಿದ್ದೆ. ನಾಲ್ಕು ತಿಂಗಳು ಕರೆಂಟು ಕಾಣದ ಮಷೀನು. ತಾರೀಖು ನೆನಪಿಡುವ ಗುಂಡನೆಯ ಬ್ಯಾಟರಿ ಸತ್ತಿರುತ್ತದೆ ಎಂದು ಗೊತ್ತಿತ್ತು, ಹೊಸದನ್ನು ಒಯ್ದಿದ್ದೆ. ಹಾಕಿದೆ. ಫ್ಯಾನು ತಿರುಗಿತು. ಒಂದು ಬೀಪ್ ಬಂತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ಏಳುವುದಕ್ಕೆ ಡಿಸ್ಕ್ ಸಿಗುತ್ತಿಲ್ಲ ಎಂದು ಬಂದು ನಿಂತಿತು. ಬ್ಯಾಟರಿ ಸತ್ತಾಗ ಯಾವ ಡಿಸ್ಕಿನಿಂದ ಏಳಬೇಕು ಅನ್ನುವುದನ್ನೇ ಮರೆತಿತ್ತು. ಒಳಖೋಲಿಗೆ ಹೋಗಿ ಅದನ್ನು ಹೇಳಿ ಬಂದರೆ ಮುಗಿಯಿತು.

ಒಳಖೋಲಿಗೆ ಹೋಗಲಿಕ್ಕೆ ಆಗಲಿಲ್ಲ.

ಬೀಪ್ ಬಂದ ಕೂಡಲೇ ಡಿಲೀಟ್ ಒತ್ತಿದೆ. ಬೀಪ್ ಬರುವ ಮೊದಲೇ ಒತ್ತಿದೆ. ಬಾಗಿಲು ಬಡಿದಂತೆ ಒತ್ತಿದೆ. ಆ ಹಳೆಯ ಮಾನಿಟರು ಕಣ್ಣು ಬಿಡುವಷ್ಟರಲ್ಲಿ ಮೊದಲಿನ ಅಕ್ಷರಗಳೆಲ್ಲ ಹೋಗಿ, ಮತ್ತೆ ಅದೇ ಡಿಸ್ಕ್ ಇಲ್ಲ ಎಂಬ ಸಾಲು. ನನ್ನ ಕೈ ಇನ್ನೂ ತಡವೇ ಎಂದುಕೊಂಡೆ. ಎಫ್ ಸಾಲಿನ ಕೀಗಳನ್ನೆಲ್ಲ ಒತ್ತಿ ನೋಡಿದೆ. ಎಣಿಸುವುದನ್ನು ಬಿಡುವ ತನಕ ಚಾಲೂ ಮಾಡಿ ಬಂದ್ ಮಾಡಿದೆ. ಪ್ರತಿ ಸಲವೂ ಆ ಸುಡುಗಾಡು ಬೀಪ್, ಎಲ್ಲ ಸರಿ ಇದೆ ಅನ್ನುವಂತೆ. ಕಾಕೂ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಏನಾದರೂ ಕೇಳುವುದು ಇರಲಿ, ಅವರ ಮುಖ ನೋಡುವುದಕ್ಕೂ ನನಗೆ ಆಗಲಿಲ್ಲ. ಬರಿ ಹಣೆ, ಬರಿ ಕೈ. ದುಃಖದಲ್ಲಿದ್ದವರನ್ನು ಯಾಕೆ ಕಾಡಿಸುವುದು ಎಂದು ಸುಮ್ಮನಿದ್ದೆ.

ಎರಡನೇ ಸಲ ನನ್ನ ಅಂಗಡಿಯ ಕೀಬೋರ್ಡನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಅದು ಯುಎಸ್‌ಬಿಯದು. ಈ ಮುದಿ ಮಷೀನು ಅದನ್ನು ಗುರುತೇ ಹಿಡಿಯಲಿಲ್ಲ, ಚಾಲೂ ಆಗುವಾಗ ಅದರ ದೀಪವೂ ಹತ್ತಲಿಲ್ಲ. ಕಾಕಾ ಅವರ ಗುಂಡು ಪಿನ್ನಿನ ಕೀಬೋರ್ಡಿನಲ್ಲಿ ಮೂರೂ ದೀಪ ಮಿನುಗುತ್ತಿದ್ದವು, ಆದರೆ ಬಾಗಿಲು ತೆರೆಯುತ್ತಿರಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಗುಂಡು ಪಿನ್ನಿನ ಇನ್ನೊಂದು ಕೀಬೋರ್ಡು ಕೇಳಿದರೆ, "ಅಂಥಾದ್ದು ಈಗ ಎಲ್ಲಿ ಹುಡುಕತೀರಿ ಬಾಯಾರ, ಡಿಸ್ಕ್ ಬಿಚ್ಚಿ ತಂದ ಬಿಟ್ಟ ಹೋಗ್ರಿ, ಆದ್ರ ನೋಡೂಣು" ಅಂದರು. ಡಿಸ್ಕು ಮನೆ ಬಿಟ್ಟು ಹೊರಗೆ ಹೋಗುವುದಕ್ಕೆ ಕಾಕೂ ಒಪ್ಪಲಿಲ್ಲ. ಆ ಆದ್ರ ನೋಡೂಣು ನನಗೂ ಹಿಡಿಸಿರಲಿಲ್ಲ.

ಖಾನಾಪುರಕ್ಕೆ ಮರಳುವ ಬಸ್ಸಿನಲ್ಲಿ ನನಗೆ ಕಾಕಾ ಅವರ ಮೇಲೆಯೇ ಸಿಟ್ಟು ಬಂತು. ಹೊಸದು ತಗೊಂಡಿದ್ದರೆ ಏನಾಗುತ್ತಿತ್ತು? ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಇಡಲಿಕ್ಕೆ ಏನಾಗಿತ್ತು? ಅಷ್ಟು ವರ್ಷ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತು ನನಗೆ ಏನು ಕಲಿಸಿದರು, ನಾನು ಏನು ಕಲಿತೆ? ಸತ್ತವರ ಮೇಲೆ ಸಿಟ್ಟಾಗುವುದು ಒಳ್ಳೆಯದಲ್ಲ ಅನ್ನುತ್ತಾರೆ. ನಾನು ಬಸ್ಸು ಇಳಿಯುವ ತನಕ ಸಿಟ್ಟಾಗಿದ್ದೆ. ಅವರು ಹೋದ ದಿನ ಬಾರದ ಅಳು ಅವತ್ತು ಬಂತು.

ಮೂರನೇ ಸಲ ಹೋದಾಗ ಸಂಕ್ರಾಂತಿಗೆ ಮೂರು ವಾರ ಉಳಿದಿತ್ತು. ಮತ್ತೆ ಅದೇ ಬೀಪ್, ಅದೇ ಸಾಲು. ಕೈಯೆತ್ತಿ ಕ್ಯಾಬಿನೆಟ್ಟಿಗೆ ಒಂದು ಬಡಿದೇಬಿಟ್ಟೆ. "ಕಾಯ ಝಾಲಂ ತುಲಾ?" ನನ್ನ ಬಾಯಿಂದ ತಾನೇ ಹೊರಬಿತ್ತು.

ಬಾಗಿಲಲ್ಲಿ ನಿಂತಿದ್ದ ಕಾಕೂ ಬೆಚ್ಚಿದರು. ಆಮೇಲೆ ಮೆತ್ತಗೆ, "ಅವರಂಗ ಬೈದಿ ನೋಡ" ಅಂದರು.

ಹಾಗೆ ಬೈದ ಮೇಲೆ ಕಾಕಾ ಏನು ಮಾಡುತ್ತಿದ್ದರು? ಕುರ್ಚಿ ತಿರುಗಿಸಿಕೊಂಡು ಎದುರಿಗೆ ಇದ್ದವರನ್ನು ಕೇಳುತ್ತಿದ್ದರು. ನಾನು ಮೂರು ಸಲ ಬಂದಿದ್ದೆ. ಒಂದು ಸಲವೂ ಕೇಳಿರಲಿಲ್ಲ. ಕುರ್ಚಿ ತಿರುಗಿಸಿದೆ.

"ಕಾಕೂ, ಕುಂದರ್ರಿ. ಕಾಕಾ ಹೋದ ಮ್ಯಾಲೆ ಇದನ್ನ ಯಾರರ ಮುಟ್ಯಾರೇನ್ರಿ?"

"ಯಾರೂ ಇಲ್ಲವಾ."

"ನೀವ?"

ಅವರು ಸೆರಗು ಸರಿ ಮಾಡಿಕೊಂಡರು. "ದಸರಾದಾಗ ಖಂಡೇಪೂಜಿ ದಿವಸ ಒಂದೀಟ ಕುಂಕುಮ ಹಚ್ಚಿದ್ದೆ. ಈ ವರ್ಷ ನಮಗ ಹಬ್ಬ ಇಲ್ಲ. ಆದ್ರ ಅವರು ವರ್ಷಾ ಇದಕ್ಕ ಪೂಜಿ ಮಾಡ್ತಿದ್ರಲ್ಲ, ನನಗ ತಡೀಲಿಲ್ಲ. ನನ್ನ ಹಣಿಗಂತೂ ಇಲ್ಲ, ಅದಕ್ಕರ ಹಚ್ಚೂಣು ಅಂದೆ."

"ಎಲ್ಲಿ ಹಚ್ಚಿದ್ರಿ?"

"ಅವರು ಯಾವಾಗ ನೋಡಿದ್ರೂ ಒಂದ ಗುಂಡಿ ಬಡೀತಿದ್ರಲ್ಲ, ಟಕಾ ಟಕಾ ಅಂತ. ಅದಕ್ಕ. ಅದ ಅವರದು ಅನಿಸ್ತು. ಅಷ್ಟರಾಗ ನಮ್ಮ ನೆಗೆಣ್ಣಿ, ಮೈದುನನ ಹೆಂಡತಿ, ಬಂದ್ಲು. ಕುಂಕುಮದ ಬಟ್ಟಲಾ ಮುಟ್ಟತಿಯೇನ ಅಂತ ಅಂದ್ಲು. ಅಂಜಿ, ಹಸಿ ಅರಬಿಲೆ ವರಸಿಬಿಟ್ಟೆ." ತಲೆ ತಗ್ಗಿಸಿದರು. "ಅದರಿಂದನ ಕೆಟ್ಟೈತೇನ?"

ಸ್ಕ್ರೂಡ್ರೈವರಿನ ತುದಿಯಿಂದ ಡಿಲೀಟ್ ಕೀಯ ಮುಚ್ಚಳ ಎತ್ತಿದೆ. ಮೇಲೆ ಏನೂ ಕಾಣುತ್ತಿರಲಿಲ್ಲ. ಕೆಳಗೆ ನೀರಿನಲ್ಲಿ ಕಲಸಿದ ಕುಂಕುಮ ಇಳಿದು, ಒಣಗಿ, ಕೆಂಪು ಹೆಪ್ಪು ಕಟ್ಟಿತ್ತು. ಕೀ ಕೆಳಗೆ ಹೋದಂತೆ ಕಂಡರೂ ತಳ ಮುಟ್ಟುತ್ತಿರಲಿಲ್ಲ. ನಾನು ನೂರಾರು ಸಲ ಒತ್ತಿದ್ದು ಒಂದು ಸಲವೂ ಒಳಗೆ ಮುಟ್ಟಿರಲಿಲ್ಲ.

"ಕೆಟ್ಟಿಲ್ಲ ಕಾಕೂ" ಅಂದೆ. "ಹತ್ತಿ ಇದ್ರ ಕೊಡ್ರಿ."

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಪೂರ್ತಿ ಹೋಗಲಿಲ್ಲ, ಮೂಲೆಯಲ್ಲಿ ಒಂದಿಷ್ಟು ಕೆಂಪು ಉಳಿಯಿತು. ಮುಚ್ಚಳ ಕೂಡಿಸಿ ಚಾಲೂ ಮಾಡಿದೆ. ಬೀಪ್ ಬಂತು. ಒತ್ತಿದೆ. ನೀಲಿ ಪರದೆ ತೆರೆಯಿತು. ತಾರೀಖು ಸರಿಪಡಿಸಿದೆ, ಡಿಸ್ಕನ್ನು ಮೊದಲಿಗೆ ತಂದೆ, ಉಳಿಸಿ ಹೊರಗೆ ಬಂದೆ.

ಫೈಲುಗಳಿಗೆಲ್ಲ ಸೀರೆಯ ಒಡತಿಯರ ಹೆಸರುಗಳಿದ್ದವು. ಒಂದಕ್ಕೆ ಮಾತ್ರ 'ಮನಿ' ಎಂದಿತ್ತು. ತೆರೆದೆ. ಕೆಂಪು ನೆಲದ ಮೇಲೆ ಹಳದಿ ಹೂವುಗಳ ಸಾಲು, ಏಳು ಹೂವು. ಮುಗಿಸಿದ್ದರು.

ಕಾಕೂ ಪರದೆಯ ಹತ್ತಿರ ಬಂದು ಬೆರಳಿಟ್ಟು ಒಂದೊಂದೇ ಹೂವು ಎಣಿಸಿದರು. ಐದನೆಯದರ ಮೇಲೆ ಬೆರಳು ನಿಂತಿತು. ಉಳಿದವಕ್ಕೆ ಎಂಟು ಎಸಳು, ಅದಕ್ಕೆ ಏಳು. ನಾನು ಕಾಕಾ ತುಂಬುವಾಗ ಒಂದು ಚೌಕ ಬಿಟ್ಟಿರಬೇಕು ಎಂದು, ಸರಿಪಡಿಸಲು ಮೌಸಿಗೆ ಕೈ ಹಾಕಿದೆ.

"ಏ, ಮುಟ್ಟಬ್ಯಾಡ!" ಕಾಕೂ ನನ್ನ ಕೈ ಹಿಡಿದರು. "ಅದು ಲಗ್ನದ ಗಡಿಬಿಡ್ಯಾಗ ಅವರು ತಪ್ಪಿದ್ದು. ಸೀರಿ ಉಟ್ಟ ದಿವಸನ ನಾ ಕಂಡ ಹಿಡದು, ನಕ್ಕಿದ್ದೆ. ಆ ತಪ್ಪು ಸುದ್ದಾ ಬಿಟ್ಟಿಲ್ಲ ನೋಡ, ಮನಿಶ್ಯಾ." ಹೇಳುತ್ತ ಹೇಳುತ್ತ ನಕ್ಕರು. ಶ್ರಾವಣದ ನಂತರ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚಿತ್ರದ ಪ್ರಿಂಟು ವಡಗಾವಿಗೆ ಹೋಯಿತು. ಮಗ್ಗ ಬಿಚ್ಚುವ ಮೊದಲು ಸೀರೆ ಇಳಿಯಿತು, ಐದನೆಯ ಹೂವಿಗೆ ಏಳೇ ಎಸಳು.

ನಾನು ಈಗ ಖಾನಾಪುರದಲ್ಲಿ ಅಷ್ಟಿಷ್ಟು ರಿಪೇರಿಯನ್ನೂ ಮಾಡುತ್ತೇನೆ. ತಂದವರನ್ನು ಮೊದಲು ಕೂಡಿಸಿ ಕೇಳುತ್ತೇನೆ. ಅವರಿಗೆ ಬೇಸರವಾಗುತ್ತದೆ, ಆಗಲಿ. ದಡಿ ಸಿಕ್ಕ ಆ ದಿನ ಹೊರಡುವಾಗ ಕಾಕೂ ಬಾಗಿಲ ತನಕ ಬಂದು, ಒಳಗೆ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಧ್ವನಿ ತಗ್ಗಿಸಿ ಕೇಳಿದರು: "ಮುಂದಿನ ಖಂಡೇಪೂಜಿಗೆ ಹಚ್ಚೂದಾದ್ರ ಎಲ್ಲಿ ಹಚ್ಚಲಿ? ಕೆಡಬಾರದು ನೋಡ."

ನಾನು ಅವರನ್ನು ಮತ್ತೆ ಒಳಗೆ ಕರೆದುಕೊಂಡು ಹೋಗಿ ಕ್ಯಾಬಿನೆಟ್ಟಿನ ಮೇಲ್ಭಾಗ ತೋರಿಸಿದೆ. ಅಲ್ಲಿ ಬಣ್ಣ ಸವೆದು, ಅಂಗೈ ಅಗಲದಷ್ಟು ತಗಡು ಹೊಳೆಯುತ್ತಿತ್ತು. ಕಾಕಾ ಅವರ ಬಲಗಿವಿ ಇರುತ್ತಿದ್ದ ಜಾಗ.

"ಇಲ್ಲಿ ಹಚ್ಚರಿ ಕಾಕೂ" ಅಂದೆ. "ಇಲ್ಲಿ ಎಷ್ಟ ಹಚ್ಚಿದ್ರೂ ಏನೂ ಆಗೂದಿಲ್ಲ."