ಮಾವ ಬರೆದಿಟ್ಟಿದ್ದ ಐವತ್ತೆರಡು ಕೆಜಿ

ಕುರಿಗಳಿಗೆ ಕುಡಿಸುವ ಜಂತಿನ ಔಷಧಿಯ ಮುಚ್ಚಳ ತಿರುಗಿಸಿದರೆ ಸುಣ್ಣ, ಹಾಲು ಎರಡೂ ಬೆರೆತಂಥ ವಾಸನೆ. ಮೊನ್ನೆಯಿಂದ ಅದು ನನ್ನ ಬೆರಳು ಬಿಟ್ಟಿಲ್ಲ. ಮೂಗಿಗೆ ಬಡಿದಾಗೆಲ್ಲ ಶ್ರೀರಾಂಪುರದ ಔಷಧಿ ಅಂಗಡಿಯ ಮಾವ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ...

ಸಂಬಂಧದಲ್ಲಿ ಮಾವನಲ್ಲ. ಕುರಿ ಸಾಕುವ ಮನೆಗಳ ನಮಗೆಲ್ಲ ಅವರು ಮಾವ. ಅಂಗಡಿ ಮುಂದಿನ ತೂಕದ ಯಂತ್ರದ ಮೇಲೆ ಮರಿ ನಿಲ್ಲಿಸಿ, "ಎಂಟೂ ಕೇಜೀ..." ಎಂದು ಮೂಗಿನಲ್ಲಿ ಕೂಗುತ್ತಿದ್ದರು. ಒಳಗಿದ್ದ ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, ಅದನ್ನು ಕೇಳಿಸಿಕೊಂಡು ಔಷಧಿ ಅಳೆಯುತ್ತಿದ್ದರು. ಆ ಕೂಗನ್ನು ನಾನು ಮಾವನಿಗಿಂತ ಚೆನ್ನಾಗಿ ಕೂಗುತ್ತಿದ್ದೆ. ಅತ್ತೆ ಎಷ್ಟೋ ಸಲ ಮೋಸಹೋಗಿ, ಇಲ್ಲದ ಕುರಿಗೆ ಔಷಧಿ ಅಳೆದಿದ್ದುಂಟು.

ಮಾವನಿಗೆ ಕಂಪ್ಯೂಟರಿನ ಹುಚ್ಚು. ಅದರಲ್ಲಿ ಬರೆಯಲು ಬಳಸುತ್ತಿದ್ದ ಎಡಿಟರ್ ಎಂಬ ತಂತ್ರಾಂಶಕ್ಕೆ ತಾವೇ ಒಂದಿಷ್ಟು ಕೋಡ್ ಬರೆದು ಸೇರಿಸಿದ್ದರು. ತೂಕ ಒತ್ತಿದರೆ ಎಷ್ಟು ಎಮ್ಮೆಲ್ ಕುಡಿಸಬೇಕೆಂದು ದಪ್ಪಕ್ಷರದ ಚೀಟಿ ಬರುತ್ತಿತ್ತು. ನಾಲ್ಕು ಕೆಜಿಗೆ ಒಂದು ಎಮ್ಮೆಲ್. ಅದನ್ನು ಬರೆದು ಮುಗಿಸಿದ ದಿನ ನಾನು ಬಾಗಿಲಲ್ಲಿ ನಿಂತು ಟಗರಿನಂತೆ ಅರಚಿದೆ.

"ಏನಪ್ಪ ಟಗರು, ಯಂತ್ರದ ಮೇಲೆ ಹತ್ತು. ನಿನ್ನ ತೂಕಾನೇ ಹಾಕಿ ನೋಡಾಣ," ಅಂದರು ಮಾವ.

ಐವತ್ತೆರಡು ಕೆಜಿ. ಹದಿಮೂರು ಎಮ್ಮೆಲ್ ಅಂತ ಚೀಟಿ ಬಂತು.

"ಕುಡೀತೀಯೇನ್ಲೇ? ನಾಲಿಗ್ಯಾಗಿನ ಹುಳನಾದ್ರೂ ಸಾಯ್ತವೆ!"

ಆ ಐವತ್ತೆರಡನ್ನು ಮಾವ ಕೋಡಿನ ತಲೆಯಲ್ಲೇ ಬಿಟ್ಟರು. ಪಕ್ಕದಲ್ಲಿ 'ನಮ್ಮ ಟಗರು' ಎಂದು ಟಿಪ್ಪಣಿ. ಬೇರೆ ತೂಕ ಸಿಗದಿದ್ದರೆ ಲೆಕ್ಕಕ್ಕೆ ಅದೇ.

ಮಾವ ಹೋಗಿ ಮೂರು ವರ್ಷ. ಈಗ ಅಂಗಡಿ ಅತ್ತೆಯದು, ಕೋಡ್ ನನ್ನ ಪಾಲಿನದು. ಮೊನ್ನೆ ಎಡಿಟರಿನ ಹೊಸ ಆವೃತ್ತಿ ಹಾಕಿದೆ. ಹಳೆಯ ಪದ್ಧತಿ ಬಿಡಿ ಎಂದು ಎಚ್ಚರಿಕೆ ಬಂತು. ಹಳೆಯ ಪದ್ಧತಿಯೆಂದರೆ ಅಂಗಡಿಯಲ್ಲಿ ಮಾವ ಕೂಗುತ್ತಿದ್ದ ಹಾಗೇ: ಒಂದು ಕಡೆ ತೂಕ ಇಟ್ಟರೆ, ಅಲ್ಲಿಂದ ಕರೆದ ಎಲ್ಲ ಕೆಲಸಗಳಿಗೂ ಅದು ಕೇಳಿಸುತ್ತದೆ. ಹೊಸದರಲ್ಲಿ ಕೋಡಿನ ಒಂದೊಂದು ತುಂಡೂ ಒಂದೊಂದು ಕೋಣೆ, ತೂಕ ಇಟ್ಟ ಕೋಣೆಯಲ್ಲೇ ಉಳಿಯುತ್ತದೆ. ಬೇರೆ ಕೋಣೆಗೂ ಬೇಕೆಂದರೆ ಮೊದಲೇ ಹೇಳಿಡಬೇಕು. ಬುದ್ಧಿವಂತ ನಾನು, ಹೇಳಲಿಲ್ಲ. ಮೇಲೆ ಒಂದೇ ಒಂದು ಸಾಲು ಸೇರಿಸಿ ಹೊಸ ಪದ್ಧತಿಗೆ ಬದಲಾಯಿಸಿದೆ. ಪರೀಕ್ಷೆಗೆ, ಮಾವನ ನೆನಪಿಗೆಂದು, ಐವತ್ತೆರಡನ್ನೇ ಒತ್ತಿದೆ. ಹದಿಮೂರು ಬಂತು. ಎದೆಯುಬ್ಬಿಸಿ ಟೀ ಕುಡಿಯಲು ಹೋದೆ.

ಹಿಂದಿರುಗಿದಾಗ ಅಂಗಡಿ ತುಂಬ ಆ ವಾಸನೆ. ಗುಡ್ಡದ ಕಡೆಯ ಅಜ್ಜನೊಬ್ಬ ಎಂಟು ಕೆಜಿಯ ಮರಿಗಳಿಗೆ ಔಷಧಿ ಒಯ್ದಿದ್ದನಂತೆ. ಅತ್ತೆಗೆ ಕಣ್ಣು ಮಂಜು. ಬಂದ ಚೀಟಿ ಹರಿದು ಕೊಟ್ಟಿದ್ದರು. ಪರದೆ ನೋಡಿದೆ. ಎರಡಿರಬೇಕಾದಲ್ಲಿ ಹದಿಮೂರು! ಅಳೆಯುವ ಕೋಣೆಗೆ ಮರಿಯ ತೂಕ ಕೇಳಿಸಿಯೇ ಇರಲಿಲ್ಲ. ಅದಕ್ಕೆ ಕಂಡದ್ದು ತಲೆಯ ಮೇಲೆ ಕೂತಿದ್ದ ನನ್ನ ತೂಕ.

ಅಜ್ಜನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ... ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಕಾಲು ಝಾಡಿಸಿ ಬಿದ್ದ ಮರಿಗಳೇ ಕಣ್ಣಿಗೆ ಕಟ್ಟಿದವು.

ಅಜ್ಜ ಜಾಲಿ ಮರದ ಕೆಳಗೆ, ಮರಿಯೊಂದನ್ನು ಮಂಡಿಗಳ ನಡುವೆ ಹಿಡಿದು ಕೂತಿದ್ದ. ಕೈಯಲ್ಲಿ ಚೀಟಿ.

"ಅಜ್ಜ, ಕುಡಿಸ್ಬ್ಯಾಡ್ರಿ!"

"ಕುಡಿಸಿಲ್ಲ ಕಣಲೇ. ಹದಿಮೂರು ಅಂತೈತೆ, ಇದು ಮರಿಗೋ, ನಿನಗೋ?"

"ನನಗೇ, ಅಜ್ಜ."

ಅಜ್ಜ ನಕ್ಕ. ನನಗೆ ನಗು ಬರಲಿಲ್ಲ.

"ನಿಮ್ಮ ಮಾವ ಇದ್ದಾಗ ಮರಿಗೆ ಎರಡು, ಮೂರು ಅಷ್ಟೇ. ಕೇಳಾಣ ಅಂತ ಎದ್ದೆ... ಯಾರನ್ನ ಕೇಳ್ಲಿ ಅಂತ ಮತ್ತೆ ಕುಂತೆ," ಅಂದ.

ವಾಪಸು ಬಂದು, ತೂಕವೆಂಬುದು ಎಲ್ಲ ಕೋಣೆಗಳಿಗೂ ಸೇರಿದ್ದೆಂದು ಕೋಡಿನ ಮೊದಲಲ್ಲೇ ಸಾರಿದೆ. ಎಂಟು, ಹನ್ನೆರಡು, ಇಪ್ಪತ್ತು... ಒಂದೊಂದೇ ಒತ್ತಿ, ಬಾಯಿಲೆಕ್ಕದೊಂದಿಗೆ ತಾಳೆ ನೋಡಿದೆ. ಆದರೂ ಭಯ ಹೋಗಲಿಲ್ಲ. ತೂಕ ಸಿಗದಿದ್ದರೆ ಚೀಟಿಯೇ ಬರಬಾರದು. ಹಾಗಾಗಬೇಕಾದರೆ ಐವತ್ತೆರಡು ಅಲ್ಲಿರಕೂಡದು. ಅಳಿಸುವ ಕೀಲಿಯ ಮೇಲೆ ಬೆರಳು ತುಸು ಹೊತ್ತು ನಿಂತಿತು. ಆಮೇಲೆ ಒತ್ತಿತು. 'ನಮ್ಮ ಟಗರು' ಕೂಡ ಅದರ ಜೊತೆಗೇ ಹೋಯಿತು.

ಸಂಜೆ ಸುಮ್ಮನೆ ತೂಕದ ಯಂತ್ರ ಹತ್ತಿದೆ. ಎಪ್ಪತ್ತೊಂದು. ಕೂಗಿ ಹೇಳುವವರಿಲ್ಲವಲ್ಲ ಎಂದು ನಾನೇ ಮಾವನ ಮೂಗಿನ ದನಿಯಲ್ಲಿ ಕೂಗಿದೆ. ಒಳಗೆ ಅಳತೆ ಲೋಟದ ಸದ್ದಾಯಿತು... ನಿಂತಿತು.

"ಹಂಗೆ ಕೂಗ್ಬ್ಯಾಡಪ್ಪ," ಅಂದರು ಅತ್ತೆ. "ಕೈ ತಾನೇ ಬಾಟ್ಲಿಗೆ ಹೋಗ್ಬಿಡ್ತೈತೆ."