ಎಡಗೈಯ ಮೀನಿನ ವಾಸನೆ

ನಮ್ಮ ಮನೆಯವರ ಹೆಸರು ಕುಬೇರಪ್ಪ. ಬಾಯಿಬಿಟ್ಟು ಎಂದೂ ಹೇಳಿದವಳಲ್ಲ. ಬರೆದರೆ ತಪ್ಪಿಲ್ಲವೆಂದು ಬರೆಯುತ್ತಿದ್ದೇನೆ. ಶಲವಡಿಯಲ್ಲಿ ಹನ್ನೆರಡು ಎಕರೆ ಎರೆಹೊಲ, ಕಡಿಮೆ ಮಾತು, ಹುಟ್ಟಾ ಎಡಚ. ದಿನಾ ಸ್ನಾನ ಮಾಡಿ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಒಂದು ಗುಟುಕು ಚಹಾ ಕೂಡ ಮುಟ್ಟುತ್ತಿರಲಿಲ್ಲ. ಅಂಥವರ ಆ ಎಡಗೈಯೇ ಎಂಬತ್ತಾರರ ಬೇಸಿಗೆಯಲ್ಲಿ ಮೀನು ನಾರತೊಡಗಿತು.

ಮೊದಲು ನನ್ನ ಮೂಗನ್ನೇ ಬೈದುಕೊಂಡೆ. ಆಮೇಲೆ ಡಬ್ಬಿಯಲ್ಲಿನ ಹುಣಸೆಹಣ್ಣು ಕರಗುತ್ತಿರುವುದು ಗಮನಕ್ಕೆ ಬಂತು. ಬಚ್ಚಲಿನಲ್ಲಿ ಅದನ್ನು ಹಚ್ಚಿ ಕೈ ತಿಕ್ಕಿಕೊಳ್ಳುತ್ತಿದ್ದರು. ನಮ್ಮ ಬಾಜೂ ಹೊಲದ ಹಜರತಅಲಿ ಕಾಲುವೆಯಲ್ಲಿ ಮೀನು ಹಿಡಿಯುವವ. ಅವನ ಮನೆಯಿಂದ ಇವರು ಎಲೆಯಲ್ಲಿ ಸುತ್ತಿದ ಗಂಟೊಂದನ್ನು ಧೋತರದಲ್ಲಿ ಮುಚ್ಚಿಕೊಂಡು ಹೊರಬಿದ್ದದ್ದನ್ನು ಕಣ್ಣಾರೆ ಕಂಡೆ. ಇನ್ನು ತಿಳಿಯುವುದೇನು ಉಳಿಯಿತು? ಲಿಂಗ ಕಟ್ಟಿದ ಮನುಷ್ಯ ಕದ್ದು ಮೀನು ತಿನ್ನುತ್ತಾನೆಂದು ಮೈಯೆಲ್ಲ ಉರಿದುಹೋಯಿತು.

"ಮೀನ ತಿಂತೀರೇನ್ರಿ?" ಎಂದು ಕೇಳಿಯೇ ಬಿಟ್ಟೆ.

ಅವರು ಎಡಗೈಯನ್ನು ಧೋತರಕ್ಕೆ ಒರೆಸಿಕೊಂಡರು. "ನೀ ಹೆಂಗ ತಿಳ್ಕೋತಿ, ಹಂಗ ತಿಳ್ಕೋ," ಎಂದರು.

ಅಂದಿನಿಂದ ಅವರ ತಾಟು ಪಡಸಾಲೆಗೆ ಬಂತು. ಅಡುಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ, ರೊಟ್ಟಿಯನ್ನು ಮೇಲಿನಿಂದಲೇ ಹಾಕುತ್ತಿದ್ದೆ. ಅಲ್ಲೇ ಉಂಡು, ತಾಟು ತಾವೇ ತೊಳೆದಿಟ್ಟು ಹೋಗುತ್ತಿದ್ದರು. ತಪ್ಪಿತಸ್ಥನ ಲಕ್ಷಣವೇ ಇದು ಎಂದುಕೊಂಡೆ. ಬೋನಿಗೆ ಸಿಕ್ಕು ಸತ್ತ ಇಲಿಯನ್ನು ಬೆಳಿಗ್ಗೆ ಚೆಲ್ಲಲು ಕೊಡುವಾಗಷ್ಟೇ ಅವರ ಎದುರು ನಿಲ್ಲುತ್ತಿದ್ದೆ. ಅದನ್ನು ಅವರು ಪ್ರಸಾದದಂತೆ ಜೋಪಾನವಾಗಿ ಇಸಿದುಕೊಳ್ಳುವುದೂ ನನಗೆ ಸರಿಕಾಣಲಿಲ್ಲ. ಒಮ್ಮೆ ತಿನ್ನುವಾಗ ಕೈಗೆ ಸಿಗಲಿ, ಮಠದ ಅಯ್ಯನವರ ಮುಂದೆ ಹೇಳಿ ತವರಿಗೆ ಹೊರಟುಬಿಡುವುದೆಂದು ಸೀರೆಗಳ ಗಂಟು ಕೂಡ ಕಟ್ಟಿಟ್ಟೆ.

ಒಂದು ಮಧ್ಯಾಹ್ನ ಅವರ ಹಿಂದೆಯೇ ಹೋದೆ. ನಾಯಿಗಳಿಗೆಂದು ಕೈಯಲ್ಲಿ ಬಡಿಗೆಯಿತ್ತು. ಹೊಲದ ಕೊಟ್ಟಿಗೆಯ ತಟ್ಟಿಗೆ ಕಣ್ಣು ಹಚ್ಚಿ ನೋಡಿದರೆ ಒಲೆಯಿಲ್ಲ, ಬೋಗುಣಿಯಿಲ್ಲ. ತಂತಿಯ ಜಾಳಿಗೆ ಬಡಿದು ಮುಚ್ಚಿದ ಪೆಟ್ಟಿಗೆ, ಅದರೊಳಗೆ ನೀರುಹಾವು.

ಅದರ ಡೊಂಕು ಬೆನ್ನು ನನಗೆ ಗುರುತಿತ್ತು. ನನ್ನ ತಮ್ಮ ಈರಪ್ಪ ಹಾವು ಕಚ್ಚಿ ಸತ್ತಂದಿನಿಂದ, ವಿಷವಿರಲಿ ಬಿಡಲಿ, ಕಂಡ ಹಾವನ್ನು ನಾನು ಬಿಟ್ಟವಳಲ್ಲ. ಹಿಂದಿನ ವರ್ಷ ಕಾಲುವೆಯ ದಂಡೆಯಲ್ಲಿ ಕಲ್ಲೆತ್ತಿ ಹಾಕಿ ಇದರ ಬೆನ್ನು ಮುರಿದವಳು ನಾನೇ. ಹೂಳಿ ಬರುತ್ತೇನೆಂದು ಒಯ್ದವರು ಇವರು.

ಹಜರತಅಲಿ ಪಕ್ಕದಲ್ಲಿ ಕುಳಿತಿದ್ದ. ಅವರಿಬ್ಬರ ಮಾತಿನಿಂದಲೇ ಎಲ್ಲ ತಿಳಿಯಿತು. ಕಾಲುವೆಗೆ ನೀರು ಬರುವುದು ನಿಂತು ಅಲ್ಲೊಂದು ಇಲ್ಲೊಂದು ಮೀನು ಸಿಕ್ಕರೆ ಹೆಚ್ಚಾಗಿತ್ತು, ಹಾವು ಮೀನು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಹೀಗಾಗಿ ಅಲಿ ಹೇಳಿಕೊಟ್ಟಂತೆ ಇಲಿಗೆ ಆ ಎಲೆಗಂಟಿನ ಮೀನು ತಿಕ್ಕಿ ತಿನ್ನಿಸುತ್ತ, ತಿಕ್ಕುವುದನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತ ಬಂದಿದ್ದರು. ವಾಸನೆ ಕೈಗೆ ಹತ್ತಿದ್ದು ಹಾಗೆ. ಇವತ್ತು ಮೊದಲ ಸಲ ಬರೀ ಇಲಿ. ನಾನು ಬೆಳಿಗ್ಗೆ ಕೊಟ್ಟ ಇಲಿ.

ಅದನ್ನು ಬಾಲ ಹಿಡಿದು ಹಾವಿನ ಮುಂದೆ ಆಡಿಸುತ್ತ ಇವರು ಅಂದರು: "ಇವತ್ತ ವಾಸನಿ ಇಲ್ಲದ ತಿಂದು ಬಿಡಪಾ. ನಾಳಿಂದ ನಾನೂ ಒಳಗ ಕುಂತು ಉಣ್ಣತೇನಿ."

ಹಾವು ಮೂಸಿ ಮುಖ ತಿರುಗಿಸಿತು. ಮತ್ತೆ ಮೂಸಿತು. ತಟ್ಟಿಯ ಈಚೆ ನಾನು, ತಮ್ಮನನ್ನು ಹಾವಿಗೆ ಕಳಕೊಂಡವಳು, "ತಿನ್ನ ಲೇ, ತಿನ್ನ" ಎಂದು ಒಳಗೊಳಗೇ ಅಂಗಲಾಚುತ್ತಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು. ಅದು ತಿನ್ನುವುದನ್ನೋ ಬಿಡುವುದನ್ನೋ ನೋಡುವ ಧೈರ್ಯ ಬಾರದೆ, ಬಡಿಗೆಯನ್ನು ಅಲ್ಲೇ ಚೆಲ್ಲಿ ಮನೆಗೆ ಬಂದೆ.

ಸಂಜೆ ಅವರ ತಾಟನ್ನು ಒಳಗೆ, ಒಲೆಯ ಹತ್ತಿರ ಇಟ್ಟೆ. ಅವರು ಹೊಸ್ತಿಲಲ್ಲೇ ನಿಂತರು. ಎಡಗೈಯನ್ನು ಮೂಗಿಗೆ ಹಿಡಿದು ನೋಡಿಕೊಂಡು, "ಇನ್ನೂ ವಾಸನಿ ಹೋಗಿಲ್ಲ," ಎಂದರು.

"ಹುಣಸಿಹಣ್ಣ ನೆನಿಯಾಕ ಇಟ್ಟೇನ್ರಿ," ಎಂದೆ. "ತೊಳಕೊಂಡು ಒಳಗ ಬರ್ರಿ."